ಗಾಜಿನ ಬೀರುವಿನಲ್ಲಿದ್ದ ಬಾಯಿ

ನಂಬದೆ ಇರಿ ನೋಡೋಣ: ಚಳ್ಳಕೆರೆಯಲ್ಲಿ ಉಬ್ಬುಹಲ್ಲಿಗೆ ಮೊದಲು ತಂತಿ ಕಟ್ಟಿದ ಡಾಕ್ಟರು ನಾನೇ. ತಂತಿ ಇರುವುದು ಬೇಲಿಗೆ ಎಂದು ಜನ ನಗುತ್ತಿದ್ದ ಕಾಲ, ತೊಂಬತ್ತರ ದಶಕ. ಬಂದವರ ಹಲ್ಲಿನ ಅಚ್ಚು ತೆಗೆದು, ಪ್ಲಾಸ್ಟರ್‌ನಲ್ಲಿ ಎರಕ ಹೊಯ್ದು, ಆ ಬಿಳಿ ಬಾಯಿಗಳನ್ನು ಗಾಜಿನ ಬೀರುವಿನಲ್ಲಿ ಸಾಲಾಗಿ ಜೋಡಿಸಿದ್ದೆ. ಗೆಳೆಯರು ಬಂದರೆ ಒಂದನ್ನು ಎತ್ತಿ ಕಟಕಟ ಆಡಿಸುತ್ತಿದ್ದೆ.

"ಇದು ಯಾರ ಬಾಯಿ ಹೇಳಲೇ ನೋಡಾನ."

ಒಂದು ದಿನ ಕೈಗೆ ಬಂದದ್ದು ದೇವಸಮುದ್ರದ ಕಾಲೇಜು ಹುಡುಗಿಯ ಬಾಯಿ.

"ಕುರಿದು ಇದ್ದಂಗೈತಲ್ಲಲೇ" ಎಂದ ಗೆಳೆಯ, ಊರಿನ ಮೆಕ್ಯಾನಿಕ್. ಅವನಿಗಿಂತ ಜೋರಾಗಿ ನಕ್ಕವನು ನಾನು.

ತಂತಿ ಬಿಗಿ ಮಾಡಿಸಲು ಬಂದಿದ್ದ ಆ ಹುಡುಗಿ ಬಾಗಿಲಲ್ಲೇ ನಿಂತಿದ್ದಳು. "ಅದು ನಂದು ರೀ" ಎಂದು ತಿರುಗಿ ಹೋದಳು. ಮತ್ತೆ ಬರಲಿಲ್ಲ. ಅರ್ಧ ಸರಿದ ಹಲ್ಲನ್ನು ಹಾಗೇ ಬಿಟ್ಟರೆ ಕೆಡುತ್ತದೆ.

ಮೂರನೇ ವಾರ ನಾನೇ ಬಸ್ಸು ಹತ್ತಿ ಅವಳ ಮನೆಗೆ ಹೋಗಿ, ಅವಳ ಅವ್ವನ ಮುಂದೆಯೇ ತಪ್ಪಾಯಿತು ಎಂದೆ. "ಹೋಗ್ಲಿ ಬಿಡ್ರಿ" ಎಂದು ಹುಡುಗಿ ನಕ್ಕಳು. ಮತ್ತೆ ಬಂದಳು, ಹಲ್ಲು ನೇರವಾಯಿತು.

ಇಷ್ಟು ಹೇಳಿದ್ದರಲ್ಲಿ ಹುಡುಗಿ ನಕ್ಕಳು ಎಂಬುದೊಂದು ನಾನು ಸೇರಿಸಿದ ಸುಳ್ಳು. ತಂತಿ ಬಿಚ್ಚಿದ ದಿನ ಕನ್ನಡಿ ಕೊಟ್ಟರೂ ಅವಳು ನನ್ನ ಮುಂದೆ ಬಾಯಿಗೆ ಅಡ್ಡ ಹಿಡಿದ ಕೈ ತೆಗೆಯಲಿಲ್ಲ.