ಕಂಕುಳಲ್ಲಿ ಹೊಸ ಬೂಟು

ಅರ್ಧ ಗಂಟೆ ಮುಂಚೆ ನಾನೇ ಲೇಸು ಕಟ್ಟಿ ತೊಡಿಸಿದ್ದ ಹೊಸ ಬೂಟನ್ನು ಆ ಹುಡುಗಿ ಪಟೇಲರ ಬೀದಿಯ ತುದಿಯಲ್ಲಿ ಕೂತು ಬಿಚ್ಚುತ್ತಿದ್ದಳು. ಬಿಚ್ಚಿದವಳು ಲಂಗದಿಂದ ಧೂಳು ಒರೆಸಿ, ಕಂಕುಳಲ್ಲಿ ಇಟ್ಟುಕೊಂಡು, ಕಾದ ನೆಲದ ಮೇಲೆ ಬರಿಗಾಲಲ್ಲಿ ಹೊರಟಳು.

"ಯಾಕಮ್ಮ, ಬೂಟು ಕಚ್ಚುತ್ತಾ?" ಎಂದೆ.

"ಇಲ್ಲ ಅಮ್ಮಾರೆ, ಮೆತ್ತಗವೆ. ಈ ಬೀದೀಲಿ ನಮ್ಮ ಕೇರಿಯೋರು ಮೆಟ್ಟು ಆಕ್ಕಂಡು ಓಗಂಗಿಲ್ಲ. ಪಟೇಲ್ರು ಕಂಡ್ರೆ ನಮ್ಮಪ್ಪಂಗೆ ಒಡೀತಾರೆ."

ದುದ್ದದ ಆಚೆಗಿನ ಒಂದು ಹಳ್ಳಿ. ಅರವತ್ತರ ದಶಕದ ಮೊದಲ ವರ್ಷಗಳು. ಹಾಸನದ ನಾವು ಕೆಲವು ಹೆಂಗಸರು ಮನೆಮನೆ ತಿರುಗಿ ಚಂದಾ ಎತ್ತಿ, ಅಲ್ಲಿನ ಶಾಲೆಯ ಬಡಮಕ್ಕಳಿಗೆ ಬೂಟು ಒಯ್ದಿದ್ದೆವು. ಆ ದಿನ ಬೂಟು ಹಂಚುವ ಸಭೆಗೆ ಆ ಪಟೇಲರೇ ಅಧ್ಯಕ್ಷರು. ಮಕ್ಕಳೆಲ್ಲ ದೇವರ ಸಮಾನ ಎಂದು ಭಾಷಣ ಬಿಗಿದು, ಹಾರ ಹಾಕಿಸಿಕೊಂಡು, ಬೂಟನ್ನು ಆ ಹುಡುಗಿಯ ಕೈ ಮುಟ್ಟದಂತೆ ಮೇಲಿನಿಂದ ಬಿಟ್ಟಿದ್ದರು. ನಾವು ಚಪ್ಪಾಳೆ ತಟ್ಟಿದ್ದೆವು.

ಹುಡುಗಿಯ ಮಾತು ಕೇಳಿ ನನಗೆ ಮೈ ಉರಿದುಹೋಯಿತು. ಅದೇ ಬೀದಿಯ ತಮ್ಮ ಮನೆ ಜಗಲಿಯ ಮೇಲೆ ಎಲೆಅಡಿಕೆ ಮೆಲ್ಲುತ್ತ ಕೂತಿದ್ದ ಪಟೇಲರನ್ನು ಕೇಳಿಯೇಬಿಡೋಣವೆಂದು ನುಗ್ಗಿದೆ. ಜೊತೆಯವರೊಬ್ಬರು ಸೆರಗು ಹಿಡಿದು ಜಗ್ಗಿದರು. "ಬಸ್ಸು ತಪ್ಪುತ್ತೆ, ಸುಮ್ನೆ ಬನ್ನಿ." ನಾನೂ ಸುಮ್ಮನೆ ಹೋದೆ.

ಮರುವರ್ಷ ಹೋದಾಗ ಪಟೇಲರೇ ಹುಡುಗಿಯಿಂದ ಆ ಬೂಟು ತರಿಸಿ ಹೆಮ್ಮೆಯಿಂದ ತೋರಿಸಿದರು. "ನೋಡಿ, ಎಷ್ಟು ಜೋಪಾನವಾಗಿ ಮಡಗವಳೆ!" ಅಟ್ಟೆ ಸವೆದೇ ಇರಲಿಲ್ಲ. ಹುಡುಗಿಯ ಕಾಲು ಬೆಳೆದಿತ್ತು.

ಪಟೇಲರ ಮೇಲಿನ ಸಿಟ್ಟು ಇಂದಿಗೂ ಆರಿಲ್ಲ. ಅದಕ್ಕಿಂತ ಹೆಚ್ಚಿನ ಸಿಟ್ಟು ನನ್ನ ಮೇಲೆಯೇ. ಅಂದು ಬಸ್ಸಿಗೆಂದು ಆ ಬೀದಿಯುದ್ದಕ್ಕೂ ಅವಳ ಹಿಂದೆಯೇ ನಡೆದವಳು ನಾನು, ಚಪ್ಪಲಿ ಮೆಟ್ಟಿಕೊಂಡು.