ಸಿಸ್ಟರಮ್ಮನ ಶನಿವಾರದ ಪರೀಕ್ಷೆ

ತಾಯಲೂರಿನ ಆಸ್ಪತ್ರೆಯಲ್ಲಿ ನಾನು ಹೊಸ ನರ್ಸು, ಸಿಸ್ಟರಮ್ಮ ಎಲ್ಲರಿಗಿಂತ ಹಿರಿಯರು. ತಿಂಗಳ ಮೊದಲ ಶನಿವಾರ ರೋಗಿಗಳು ಹೋದ ಮೇಲೆ ನಾವು ನರ್ಸುಗಳು ಒಬ್ಬರ ತೋಳಿಗೊಬ್ಬರು ಬರೀ ಸಲೈನ್ ಇಂಜೆಕ್ಷನ್ ಕೊಟ್ಟು, ಪಾಸೋ ಫೇಲೋ ಹೇಳಬೇಕು. ಅದು ಅವರೇ ಮಾಡಿದ ಕಾನೂನು. “ಸರ್ಟಿಫಿಕೇಟ್ ಗೋಡೆ ಮೇಲೆ ಇರ್ತದೆ ಕಣೇ, ಕೈ ಮರ್ತುಹೋಗ್ತದೆ,” ಅನ್ನುತ್ತ ಮೊದಲು ತಮ್ಮ ತೋಳನ್ನೇ ಚಾಚುವರು.

ಎಪ್ಪತ್ತೆಂಟರ ಜೂನ್‌ನಲ್ಲಿ ಅವರನ್ನು ಪರೀಕ್ಷಿಸುವ ಸರದಿ ನನ್ನದು. ಸಿಸ್ಟರಮ್ಮ ಸಿರಿಂಜಿಗೆ ಅಳತೆಗಿಂತ ಒಂದು ಗೆರೆ ಹೆಚ್ಚು ತುಂಬಿಸಿದರು. ಕಣ್ಣು ಕಿರಿದು ಮಾಡಿ ನೋಡಿದರೂ ಅವರಿಗೆ ಅದು ಕಾಣಲಿಲ್ಲ.

“ಏನೇ, ಪಾಸಾ?”

“ಫೇಲು, ಸಿಸ್ಟರಮ್ಮ.”

ಅವರು ಸಿರಿಂಜು ಕೆಳಗಿಟ್ಟರು.

ಸೋಮವಾರ ಒಬ್ಬ ಅಜ್ಜಿ ನನ್ನನ್ನು ನೋಡಿ ಸಿಸ್ಟರಮ್ಮನ ಹತ್ತಿರ ಹಠ ಹಿಡಿದಳು. “ಈ ಪಿಲ್ಲ ಬೇಡ, ಚಿಕ್ಕ ಹುಡುಗಿ ಇವಳು. ನೀನೇ ಚುಚ್ಚಮ್ಮ.”

“ನಾನು ಫೇಲಾಗಿದ್ದೀನಜ್ಜಿ. ಪಾಸಾದೋಳು ಇವಳು,” ಅಂದರು ಸಿಸ್ಟರಮ್ಮ, ಸಾಲಿಗೆಲ್ಲ ಕೇಳುವಂತೆ.

ವಾರ ಕಳೆದು ಕೋಲಾರದಿಂದ ದಪ್ಪ ಕನ್ನಡಕ ಹಾಕಿಸಿಕೊಂಡು ಬಂದರು. ರೋಗಿಗಳೆಲ್ಲ ಅವರತ್ತ ತಿರುಗಿದರು. ಅವರು ಮಾತ್ರ ಸಲೈನ್ ತುಂಬಿಸಿಕೊಂಡು ನನ್ನ ಮುಂದೆ ಬಂದು ನಿಂತರು.

“ತೋಳು ಕೊಡೇ. ಮೊದಲು ನೀನು, ಆಮೇಲೆ ಅವರು.”

ಗೆರೆ ಸರಿಯಾಗಿತ್ತು. “ಪಾಸು,” ಅಂದೆ.

“ಇನ್ನೂ ಚುಚ್ಚೇ ಇಲ್ಲವಲ್ಲೇ,” ಅಂದು ಸೂಜಿ ಇಳಿಸಿದರು.