ಮೊಲಗಳ ಹೃದಯ ಚೆನ್ನಾಗಿತ್ತು

ಗಿರೀಶ, ಆ ಮಾತ್ರೆಯಿಂದ ಮೊಲಗಳ ಹೃದಯಕ್ಕೆ ಏನೂ ಆಗಿಲ್ಲವೆಂದು ತಿಳಿದ ಮೇಲೂ, ಇನ್ನೂ ಗೊತ್ತಾಗಿಲ್ಲ ಎಂದು ನಾನು ಅಮ್ಮನಿಗೆ ಸುಳ್ಳು ಹೇಳಿದೆ. ಒಂದು ಮಳೆಗಾಲ ಪೂರ್ತಿ ಹೇಳಿದೆ. ಕಾರಣ ನೀನು — ಅಲ್ಲ, ನಿನ್ನ ಮೇಲಿನ ನನ್ನ ಹೊಟ್ಟೆಕಿಚ್ಚು.

ನಿನಗೆ ಥಲಸ್ಸೀಮಿಯಾ ಎಂದು ತಿಳಿದ ದಿನದಿಂದ ಅಮ್ಮ ನಿನ್ನವಳಾದಳು. ತಿಂಗಳು ತಿಂಗಳೂ ರಕ್ತ ಹಾಕಿಸಲು ನಿನ್ನ ಜೊತೆ ಆಸ್ಪತ್ರೆ. ಆ ರಕ್ತದಿಂದ ಮೈಯಲ್ಲಿ ತುಂಬುವ ಕಬ್ಬಿಣ ತೆಗೆಯಲು ನೀನು ಹೊಟ್ಟೆಗೆ ಸೂಜಿ ಚುಚ್ಚಿಸಿಕೊಂಡು, ಔಷಧಿಯ ಪಂಪು ಕಟ್ಟಿಕೊಂಡು ಮಲಗಿದರೆ ಪಕ್ಕದಲ್ಲೇ ಅವಳ ಹಾಸಿಗೆ. ನನಗೆ ರ‍್ಯಾಂಕ್ ಬಂದ ದಿನ ಅವಳು ಕೇಳಿದ್ದು, "ಬರ್ತಾ ಸೂಜಿಗೆ ಸ್ಪಿರಿಟ್ ತಂದ್ಯಾ?" ತಂದಿದ್ದೆ.

ತೊಂಬತ್ತರ ದಶಕದ ಕೊನೆಯಲ್ಲಿ ಶಿವಮೊಗ್ಗದಲ್ಲಿ ಔಷಧಶಾಸ್ತ್ರ ಓದುವಾಗ ಆ ವಿಷಯವನ್ನು ನಾನೇ ಆರಿಸಿಕೊಂಡೆ — ಕಬ್ಬಿಣ ಹೊರಹಾಕುವ ಹೊಸ ಮಾತ್ರೆ ಹೃದಯಕ್ಕೆ ಸುರಕ್ಷಿತವೇ ಎಂದು ಮೊಲಗಳಲ್ಲಿ ಪರೀಕ್ಷಿಸುವುದು. ತಮ್ಮನ ಮೇಲೆ ಎಷ್ಟು ಪ್ರೀತಿ ಎಂದರು ಎಲ್ಲರೂ. ಇರಬಹುದು. ಆದರೆ ಅಮ್ಮ ಒಮ್ಮೆ ನನ್ನ ಕಡೆ ನೋಡಲಿ ಎಂದು... ಹೌದು, ಅದೇ.

ನೋಡಿದಳು. ನಿನ್ನ ಡಾಕ್ಟರು ಸೂಜಿಯ ಬದಲು ಆ ಮಾತ್ರೆ ಶುರು ಮಾಡೋಣ ಎಂದಾಗ, ಅದು ಹೃದಯಕ್ಕೆ ಹೊಡೆತ ಎಂದು ಯಾರೋ ಹೇಳಿದ್ದು ಕೇಳಿ ಹೆದರಿ, ನನ್ನ ಮಾತನ್ನೇ ನಂಬಿ ಕೂತಳು. ಭಾನುವಾರ ಭಾನುವಾರ ಭದ್ರಾವತಿಯಿಂದ ಬಸ್ಸು ಹತ್ತಿ ಸವಳಂಗ ರಸ್ತೆಯ ನನ್ನ ಕೋಣೆಗೆ ಬರತೊಡಗಿದಳು — ನಿನ್ನನ್ನು ಬಿಟ್ಟು, ಒಬ್ಬಳೇ, ನನಗಾಗಿ ಕೋಡುಬಳೆ ಕಟ್ಟಿಕೊಂಡು. ನನ್ನ ತಲೆಗೆ ಎಣ್ಣೆ ಹಚ್ಚುತ್ತಾ ಕೇಳುವಳು: "ಹೇಳೇ ಮಾರಾಯ್ತಿ, ಮೊಲ ಹೆಂಗಿದಾವೆ? ನೀನು ಹೂಂ ಅಂದ್ರೆ ಮಾತ್ರ ಕೊಡ್ತೀನಿ."

ಮೊಲಗಳ ಇಸಿಜಿ ಸರಿಯಾಗಿತ್ತು. ಕೊನೆಗೆ ಅವುಗಳ ಹೃದಯ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದಾಗಲೂ ಕೆಡುಕು ಕಾಣಲಿಲ್ಲ. "ಮೊಲದ ಮಟ್ಟಿಗೆ ಭಯ ಇಲ್ಲಮ್ಮ, ಮನೇಲಿ ಹೇಳು," ಎಂದರು ನನ್ನ ಗೈಡ್. ಆ ಭಾನುವಾರ ಅಮ್ಮನ ಬೆರಳು ನನ್ನ ಕೂದಲಲ್ಲಿತ್ತು. ಹೂಂ ಎಂದರೆ ಎದ್ದು ನಿನ್ನ ಬಳಿ ಓಡುತ್ತಾಳೆ, ಮತ್ತೆ ಬರುವುದಿಲ್ಲ.

"ಇನ್ನೂ ಹೇಳಕ್ಕಾಗಲ್ಲಮ್ಮ," ಎಂದೆ. "ಮುಂದಿನ ವಾರ ಬಾ."

ನೀನಾಗ ಸೂಜಿಗೆ ಬೇಸತ್ತು, ಅಮ್ಮ ನಿದ್ದೆ ಹೋದ ಮೇಲೆ ಅದನ್ನು ಕಿತ್ತುಹಾಕುತ್ತಿದ್ದೆ. ಅದೂ ನನಗೆ ಗೊತ್ತಿತ್ತು, ನೀನು ನನ್ನೊಬ್ಬಳಿಗೇ ಹೇಳಿದ್ದೆ. ದೀಪಾವಳಿ ಹೊತ್ತಿಗೆ ನೀನು ಮೆಟ್ಟಿಲು ಹತ್ತಲಾರದೆ ಕುಸಿದೆ. ಹೃದಯದಲ್ಲಿ ಕಬ್ಬಿಣ ಕೂತಿದೆ ಎಂದರು ಡಾಕ್ಟರು. ಅಮ್ಮ ನಿನ್ನ ಮಂಚಕ್ಕೆ ಅಂಟಿ ನಿಂತಿದ್ದಳು. ಆಗಲೂ ನನಗೆ ಮೊದಲು ಅನ್ನಿಸಿದ್ದು — ಹೇಗೆ ಬರೆಯಲಿ — ಮತ್ತೆ ಇವನೇ ಗೆದ್ದ, ಎಂದು.

ಮಾತ್ರೆ ಆಮೇಲೆ ಶುರುವಾಯಿತು. ನೀನು ಉಳಿದೆ. ಆದರೆ ಎದೆ ಮೊದಲಿನಂತಾಗಲಿಲ್ಲ.

"ನಾನೇ ಹೆದರ್ಕೊಂಡು ತಡ ಮಾಡ್ದೆ ಕಣೇ," ಎಂದು ಆಸ್ಪತ್ರೆಯ ವರಾಂಡದಲ್ಲಿ ಅಮ್ಮ ಅತ್ತಳು. ನಾನು ಅವಳ ಕೈ ಹಿಡಿದುಕೊಂಡೆ. ಅವಳು ಅದನ್ನೇ ಹೇಳುತ್ತಾ ಸತ್ತಳು. ನೀನೂ ಅವಳನ್ನೇ ದೂರಿದೆ. ಮೊನ್ನೆ ತಿಥಿಯಲ್ಲೂ ಎಲ್ಲರೆದುರು, "ಅಮ್ಮನ ಹೆದರಿಕೆ ನನ್ನೆದೆ ತಿಂತು," ಎಂದೆ. ನಾನು ತಲೆ ತಗ್ಗಿಸಿ ಪಾಯಸ ಬಡಿಸುತ್ತಿದ್ದೆ.

ಇನ್ನು ಹಾಗೆನ್ನಬೇಡ, ಗಿರೀಶ. ಅಮ್ಮ ಹೆದರಿದ್ದು ನಿಜ. ಆದರೂ ವಾರ ವಾರವೂ ಬಂದು ಕೇಳಿದಳು. ಹೇಳದೆ ಇದ್ದವಳು ನಾನು.